ಸರ್ಕಾರದಿಂದ ದುಡ್ಡು ಬರ್ತದಲ್ವಾ, ಮತ್ತೆ ಖರ್ಚು ಎಂತದ್ದು?

ನನಗೆ ಗ್ಲಾಕೋಮಾ ಅಂತ ಗೊತ್ತಾದವರು ಮೊದಲು ಅಯ್ಯೋ ಅನ್ನುತ್ತಾರೆ, ಆಮೇಲೆ ಕೇಳುವುದು ಇದನ್ನೇ. ಕೇಳುವವರ ಮೇಲೆ ಬೇಸರವಿಲ್ಲ. ಉತ್ತರ ಮಾತ್ರ ಮದುವೆ ಮನೆಯಲ್ಲಿ ನಿಂತಲ್ಲೇ ಹೇಳಿ ಮುಗಿಯುವಂಥದ್ದಲ್ಲ.

ಗ್ಲಾಕೋಮಾದಲ್ಲಿ ಕಣ್ಣಿನ ನರ ಹಾಳಾಗುತ್ತದೆ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ. ಹೋದ ದೃಷ್ಟಿ ಆಪರೇಷನ್ ಮಾಡಿದರೂ ವಾಪಸ್ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಲು ನಾನು ದಿನಾ ಡ್ರಾಪ್ಸ್ ಹಾಕಬೇಕು, ಬದುಕಿರುವಷ್ಟು ದಿನ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ಸೇರಿ ಮಾಡಿಸುವ ಚಿಕಿತ್ಸೆಗೆ ಆಗುತ್ತದೆ, ತಿಂಗಳು ತಿಂಗಳು ಮೆಡಿಕಲ್ಲಿನಲ್ಲಿ ಕೊಳ್ಳುವ ಬಾಟ್ಲಿಗೆ ಆಗುವುದಿಲ್ಲ. ಪಿಂಚಣಿ ಬೇಕಾದರೆ ಕಡಿಮೆಯೆಂದರೂ ಶೇಕಡಾ 40 ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು, ಬಂದರೂ ಅದು ಡ್ರಾಪ್ಸಿಗೇ ಸಾಲುವುದಿಲ್ಲ.

ಕೆಲಸದ ಕಥೆಯೂ ಹಾಗೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂತು ಅಂತ ಯಾರನ್ನೂ ತೆಗೆಯುವ ಹಾಗಿಲ್ಲ. ಆದರೆ ಅದು ಸರ್ಕಾರಿ ನೌಕರರಿಗೆ. ನಾನು ಉಡುಪಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು.

ಇದೆಲ್ಲಕ್ಕಿಂತ ದೊಡ್ಡ ಖರ್ಚು ಜೊತೆಗೆ ಬರುವವರದ್ದು. ಅದಕ್ಕೆ ಬಿಲ್ ಇಲ್ಲ, ಹಾಗಾಗಿ ಯಾರಿಗೂ ಕಾಣುವುದಿಲ್ಲ. ನನಗೆ ಪಕ್ಕದಿಂದ ಬರುವ ಗಾಡಿ ಕಾಣುವುದಿಲ್ಲ, ಒಬ್ಬನೇ ಹೈವೇ ದಾಟಲು ಆಗುವುದಿಲ್ಲ. ಆಸ್ಪತ್ರೆಗೆ ಹೆಂಡತಿ ಬಂದರೆ ಗೇರುಬೀಜ ಫ್ಯಾಕ್ಟರಿಯ ಅವಳ ಆ ದಿನದ ಸಂಬಳ ಹೋಯಿತು. ಅವಳು ಬರದಿದ್ದರೆ ರಿಕ್ಷಾ. ಅಂಧರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪಾಸ್ ಉಂಟು, ಆದರೆ ನಮ್ಮ ಉಡುಪಿ, ಮಂಗಳೂರು ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ ಅಲ್ವಾ? (ಕಂಡಕ್ಟರುಗಳು ಸ್ಟಾಪಿನ ಹೆಸರು ಕೂಗಿ ಹೇಳುವುದು ಎಷ್ಟು ದೊಡ್ಡ ಉಪಕಾರ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.)

ಹೀಗೆ ಎಲ್ಲಿಗೆ ಹೊರಟರೂ ಇನ್ನೊಬ್ಬರ ಒಂದು ದಿನ ಹೋಗುತ್ತದೆ ಅಂತಾದಾಗ ಮನುಷ್ಯ ತಾನಾಗಿಯೇ ಹೋಗುವುದನ್ನು ಕಡಿಮೆ ಮಾಡುತ್ತಾನೆ. ಮೊದಲು ಯಕ್ಷಗಾನದ ಆಟ ನೋಡುವುದು ಬಿಟ್ಟೆ. ರಾತ್ರಿ ಕತ್ತಲಲ್ಲಿ ವಾಪಸ್ ಬರುವುದು ಕಷ್ಟ, ವೇಷವೂ ಅರ್ಧಂಬರ್ಧ ಕಾಣುವುದು. ವೇಷ, ಕುಣಿತ ಇಲ್ಲದೆ ಕೂತು ಬರೀ ಹಾಡು, ಮಾತಿನಲ್ಲಿ ನಡೆಸುವ ತಾಳಮದ್ದಳೆ ಆದರೂ ಕೇಳಬಹುದಲ್ಲ ಅಂತ ಗೆಳೆಯರು ಹೇಳಿದರು. ನಿಜ, ಕಲಾವಿದರ ಮಾತುಗಾರಿಕೆ ಕೇಳಲು ಕಣ್ಣು ಬೇಡ, ಅಲ್ಲಿಗೆ ಹೋಗಿ ಬರಲು ಬೇಕು. ಎಲ್ಲರೂ ಅಲ್ಲಿರುವಾಗ ಮನೆಯಲ್ಲಿ ಸುಮ್ನೆ ಕೂರುವುದಿದೆಯಲ್ಲ, ನನಗೆ ಜಾಸ್ತಿ ನೋವಾಗುವುದು ಅದೇ.

ಕೈ ಬಿಗಿಯಾದಾಗ ಡ್ರಾಪ್ಸ್ ಬಿಡೋಣ ಅನಿಸುತ್ತದೆ. ಒಂದು ವಾರ ಹಾಕದಿದ್ದರೂ ನೋವಿಲ್ಲ, ಏನೂ ಆದ ಹಾಗೆ ಅನಿಸುವುದಿಲ್ಲ, ಒಳಗಿಂದೊಳಗೆ ನರ ಹೋಗುತ್ತಿರುತ್ತದೆ. ದಯವಿಟ್ಟು ಬಿಡಬೇಡಿ. ದುಡ್ಡಿನ ತೊಂದರೆ ಉಂಟು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಕಡಿಮೆ ಬೆಲೆಯ ಜೆನೆರಿಕ್ ಬರೆದುಕೊಡಿ ಅನ್ನಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಅಣ್ಣ, ತಮ್ಮ, ಅಕ್ಕ, ತಂಗಿಯರಿಗೂ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಿ. ಇದು ಕುಟುಂಬದಲ್ಲಿ ಬರುವ ಕಾಯಿಲೆ, ಕನ್ನಡಕದ ನಂಬರ್ ನೋಡಿದರೆ ಗೊತ್ತಾಗುವುದಿಲ್ಲ.