ಬೆರಳುದ್ದದ ಮೀನಿಗಾಗಿ ರಿಯೊ ಗ್ರಾಂಡೆ ದಡಕ್ಕೆ: ಆಲ್ಬುಕರ್ಕಿಗೆ ಹೋಗುವವರಿಗೆ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಗೆ ಹೋಗುವವರಲ್ಲಿ ಬಹಳ ಜನ ಅಕ್ಟೋಬರಿನ ಬಲೂನ್ ಹಬ್ಬಕ್ಕೆ ಹೋಗುತ್ತಾರೆ. ನಾವು ಹೋಗಿದ್ದು ಒಂದು ಪುಟ್ಟ ಮೀನಿಗಾಗಿ. ಹೆಸರು ರಿಯೊ ಗ್ರಾಂಡೆ ಸಿಲ್ವರಿ ಮಿನ್ನೋ. ಎಷ್ಟು ಬೆಳೆದರೂ 9-10 ಸೆಂಟಿಮೀಟರ್. ಮಗಳು ಶಾಲೆಯ ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಂಡಿದ್ದಳು. ಅವಳ ಜೊತೆ ಕೂತು ಓದುತ್ತಾ ಓದುತ್ತಾ ನನಗೇ ಹುಚ್ಚು ಹಿಡಿಯಿತು. ಆಸ್ಟಿನ್‌ನಿಂದ ಎರಡು ಸಲ ಹೋಗಿಬಂದೆವು. ಮೊದಲ ಸಲ ಮೇ ತಿಂಗಳ ಮಧ್ಯದಲ್ಲಿ, ಎರಡನೇ ಸಲ ಜುಲೈ ಕೊನೆಗೆ. ನೀವೂ ಆ ಕಡೆ ಹೊರಟಿದ್ದರೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದು.

ಮೊದಲ ಮಾತು: ಟಿಕೆಟ್ ಮಾಡುವ ಮೊದಲು ರಿಯೊ ಗ್ರಾಂಡೆ ನದಿಯಲ್ಲಿ ಎಷ್ಟು ನೀರಿದೆ ನೋಡಿಕೊಳ್ಳಿ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು, ಅಂದರೆ ಯುಎಸ್‌ಜಿಎಸ್‌ನವರು, ಆಲ್ಬುಕರ್ಕಿ ಹತ್ತಿರ ನೀರಿನ ಅಳತೆ ಇಟ್ಟಿದ್ದಾರೆ. ಅದು ದಿನವಿಡೀ ಅವರ ವೆಬ್‌ಸೈಟಿನಲ್ಲಿ ಕಾಣುತ್ತದೆ. ಲೆಕ್ಕ ನಮಗೆ ಗೊತ್ತಿರುವ ಕ್ಯೂಸೆಕ್‌ನಲ್ಲೇ. ನಾನು ಮದ್ದೂರಿನ ಕಡೆಯವಳು. ಅಪ್ಪ ಬೆಳಿಗ್ಗೆ ಪೇಪರ್ ಬಿಡಿಸಿದರೆ ಮೊದಲು ನೋಡುತ್ತಿದ್ದದ್ದು ಕೆಆರ್‌ಎಸ್ ಒಳಹರಿವು. ಹಾಗಾಗಿ ಈ ಅಭ್ಯಾಸ ನನಗೆ ಹೊಸದೇನಲ್ಲ. ನಾವು ಮೇನಲ್ಲಿ ಹೋದಾಗ ಸಾವಿರದ ಲೆಕ್ಕದಲ್ಲಿ ಹರಿಯುತ್ತಿತ್ತು. ಜುಲೈನಲ್ಲಿ ನೂರರ ಕೆಳಗೆ ಇಳಿದಿತ್ತು.

ಮೇ ತಿಂಗಳು ಯಾಕೆ ಮುಖ್ಯ ಅಂದರೆ, ಕೊಲರಾಡೊ ಮತ್ತು ಉತ್ತರ ನ್ಯೂ ಮೆಕ್ಸಿಕೊ ಬೆಟ್ಟಗಳ ಹಿಮ ಕರಗಿ ನದಿಗೆ ಇಳಿಯುವ ಕಾಲ ಅದು. ಹೊಸ ನೀರು ಏರಿದಾಗಲೇ ಮಿನ್ನೋ ಮೊಟ್ಟೆ ಇಡುವುದು. ನೀರು ಏರದಿದ್ದರೆ ಆ ವರ್ಷ ಮರಿಗಳು ಬಹಳ ಕಡಿಮೆ. ನದಿಯಲ್ಲೇ ಹುಟ್ಟಿ ಬೆಳೆದ ಮಿನ್ನೋಗಳಲ್ಲಿ ಹೆಚ್ಚಿನವು ಒಂದು ವರ್ಷ ಬದುಕುತ್ತವೆ, ಕೆಲವು ಎರಡು. ಅಂದರೆ ಸತತ ಎರಡು ಬರಗಾಲ ಬಂದರೆ ಇಡೀ ಕುಲಕ್ಕೇ ಕುತ್ತು.

ಮೊದಲ ದಿನ ನಗರದಲ್ಲೇ ಇರಿ. ಕ್ಯಾಂಡಲೇರಿಯಾ ರಸ್ತೆಯ ಕೊನೆಯಲ್ಲಿ ರಿಯೊ ಗ್ರಾಂಡೆ ನೇಚರ್ ಸೆಂಟರ್ ಇದೆ. ಪಾರ್ಕಿಂಗಿಗೆ ನಾವು 3 ಡಾಲರ್ ಕೊಟ್ಟೆವು. ಅಲ್ಲಿಂದ ಕಾಟನ್‌ವುಡ್ ಮರಗಳ ಕಾಡಿನೊಳಗೆ ನಡೆದರೆ ನದಿ. ಆ ಕಾಡಿಗೆ ಅಲ್ಲಿನವರು ಬೋಸ್ಕೆ ಅನ್ನುತ್ತಾರೆ. ಮೇ ಕೊನೆಗೆ ಮರಗಳಿಂದ ಹತ್ತಿ ಉದುರಿ ದಾರಿಯೆಲ್ಲಾ ಬೆಳ್ಳಗಾಗುತ್ತದೆ. ಅಲರ್ಜಿ ಇರುವವರು ಮಾತ್ರೆ ಜೊತೆಗಿಟ್ಟುಕೊಳ್ಳಿ. ಬಾಡಿಗೆ ಸೈಕಲ್ ತೆಗೆದುಕೊಂಡರೆ ಮಣ್ಣಿನ ಕವಲುದಾರಿಗೆ ಇಳಿಸಬೇಡಿ. ಅಲ್ಲಿ ಗೋಟ್‌ಹೆಡ್ ಅನ್ನುವ ಮುಳ್ಳಿದೆ. ನೋಡಿದರೆ ನಮ್ಮ ನೆಗ್ಗಿಲು ಮುಳ್ಳೇ! ನಮ್ಮ ಎರಡು ಸೈಕಲ್ ಪಂಕ್ಚರ್ ಆಗಿ, ಬಿಸಿಲಲ್ಲಿ ಮೂರು ಮೈಲಿ ತಳ್ಳಿಕೊಂಡು ಬಂದೆವು. ಊರು ಸಮುದ್ರಮಟ್ಟದಿಂದ 5,000 ಅಡಿಗಿಂತ ಮೇಲಿದೆ. ಏದುಸಿರು ಬರುತ್ತದೆ, ನೀರು ಜಾಸ್ತಿ ಕುಡಿಯಿರಿ.

ಆ ದಿನ ದಡದಲ್ಲಿ ಇಬ್ಬರು ತೊಡೆಮಟ್ಟದ ನೀರಿನಲ್ಲಿ ನಿಂತಿದ್ದರು. ಮುಂದೆ ಸಣ್ಣ ಜಾಲರಿ ಬಿಗಿದ ಪೆಟ್ಟಿಗೆ. ತೇಲಿಬರುವ ಮೊಟ್ಟೆ ಎಣಿಸುವ ಕೆಲಸ. ಮಗಳು ಕೇಳಿದ್ದಕ್ಕೆ ಒಬ್ಬರು ದಡಕ್ಕೆ ಬಂದು ಬಿಳಿ ಪ್ಲಾಸ್ಟಿಕ್ ಚಮಚದಲ್ಲಿ ಒಂದು ಮೊಟ್ಟೆ ತೋರಿಸಿದರು. ನೆನೆದ ಕಾಮಕಸ್ತೂರಿ ಬೀಜ ನೋಡಿದ್ದೀರಲ್ಲ, ಸುತ್ತ ಲೋಳೆ, ನಡುವೆ ಚುಕ್ಕೆ? ಹಾಗೇ ಇತ್ತು. ಆದರೆ ಗಾಜಿನಷ್ಟು ತಿಳಿ, ನಡುವಿನ ಚುಕ್ಕೆಯೂ ಮಸುಕು. ಸುಮಾರು 3 ಮಿಲಿಮೀಟರ್. ಚಮಚ ಅಲುಗಿದರೆ ಅದು ಮುಳುಗುವುದೂ ಇಲ್ಲ, ಪೂರ್ತಿ ತೇಲುವುದೂ ಇಲ್ಲ, ನೀರಿನ ನಡುವೆ ಸುಮ್ನೆ ಸುತ್ತುತ್ತದೆ. ಒಂದೆರಡು ದಿನದಲ್ಲಿ ಮರಿಯಾಗುತ್ತದಂತೆ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು, ನಾನೂ ಅಷ್ಟೇ.

ಈ ಮೀನಿನ ಕಷ್ಟವೆಲ್ಲಾ ಆ ಮೊಟ್ಟೆಯಲ್ಲೇ ಇದೆ. ಬೇರೆ ಮೀನುಗಳ ಹಾಗೆ ಕಲ್ಲಿಗೋ ಪಾಚಿಗೋ ಅದು ಅಂಟುವುದಿಲ್ಲ. ಹೊಳೆ ಕೊಂಡೊಯ್ದಷ್ಟು ದೂರ ಹೋಗುತ್ತದೆ. ಹಿಂದೆ ನದಿ ಅಗಲವಾಗಿ, ದಡ ಮೀರಿ ಹರಡುತ್ತಿದ್ದಾಗ ಮೊಟ್ಟೆ, ಮರಿಗಳು ಪಕ್ಕದ ನಿಂತ ನೀರಿನಲ್ಲಿ ತಂಗುತ್ತಿದ್ದವು. ಕೆಳಗೆ ಹೋದವು ಬೆಳೆದು ಮತ್ತೆ ಮೇಲಕ್ಕೆ ಈಜಿ ಬರುತ್ತಿದ್ದವು. ಈಗ ಮೇಲೆ ಕೊಚಿಟಿ ಡ್ಯಾಮ್, ಕೆಳಗೆ 1916ರ ಎಲಿಫೆಂಟ್ ಬ್ಯೂಟ್ ಡ್ಯಾಮ್. ನಡುವೆ ನಾಲೆಗೆ ನೀರು ತಿರುಗಿಸುವ ಮೂರು ಅಣೆಗಳು: ಅಂಗೋಸ್ಟುರಾ, ಇಸ್ಲೆಟಾ, ಸ್ಯಾನ್ ಅಕೇಸಿಯಾ. ಮೊಟ್ಟೆ ಅಣೆ ದಾಟಿ ಕೆಳಗೆ ಹೋಗುತ್ತದೆ. ಮೀನು ಅಣೆ ಹತ್ತಿ ಮೇಲೆ ಬರಲಾರದು. ಹೀಗೆ ವರ್ಷ ವರ್ಷ ಮರಿಗಳು ಕೆಳಗೆ ಹೋಗಿ ಸೇರುತ್ತವೆ. ಮೊದಲು ಬತ್ತುವುದು ಆ ಕೆಳಗಿನ ಭಾಗವೇ.

ಅದಕ್ಕೇ ಹೇಳುತ್ತೇನೆ, ನಗರ ನೋಡಿ ವಾಪಸ್ ಬರಬೇಡಿ. ಎರಡನೇ ದಿನ ಕಾರು ತೆಗೆದುಕೊಂಡು ನದಿಯ ಜೊತೆಗೇ ದಕ್ಷಿಣಕ್ಕೆ ಹೋಗಿ. ರೈಲ್ ರನ್ನರ್ ರೈಲು ಬೆಲೆನ್‌ವರೆಗೆ ಮಾತ್ರ ಹೋಗುತ್ತದೆ, ಆಮೇಲೆ ಕಾರೇ ಗತಿ. ಐ-25 ಹೆದ್ದಾರಿಯಲ್ಲಿ ಸೊಕೊರೊ, ಅಲ್ಲಿಂದ ಸ್ಯಾನ್ ಆಂಟೋನಿಯೊ, ಸುಮಾರು ಒಂದೂವರೆ ತಾಸು. ಇಸ್ಲೆಟಾ ಅಣೆ ಇರುವುದು ಪ್ಯೂಬ್ಲೊ ಅನ್ನುವ ಮೂಲನಿವಾಸಿ ಜನರ ಸ್ವಂತ ನೆಲದಲ್ಲಿ. ಅನುಮತಿ ಇಲ್ಲದೆ ಒಳಗೆ ಹೋಗಬೇಡಿ, ಫೋಟೊ ತೆಗೆಯಬೇಡಿ.

ಸ್ಯಾನ್ ಆಂಟೋನಿಯೊದಿಂದ ಪೂರ್ವಕ್ಕೆ 380ನೇ ಹೆದ್ದಾರಿ ಹಿಡಿದರೆ ಸ್ವಲ್ಪದರಲ್ಲೇ ನದಿಯ ಸೇತುವೆ. ಮೇನಲ್ಲಿ ಅಲ್ಲಿ ಕೆಂಪು ನೀರು ಎರಡೂ ದಡ ತುಂಬಿ ಹರಿಯುತ್ತಿತ್ತು. ಜುಲೈನಲ್ಲಿ ಅದೇ ಸೇತುವೆ ಕೆಳಗೆ ಮರಳು. ಮರಳಿನ ಮೇಲೆ ಬಿರುಕು ಬಿಟ್ಟ ಕೆಸರಿನ ಸಿಪ್ಪೆ, ಹಪ್ಪಳದ ಹಾಗೆ ಅಂಚು ಮೇಲೆತ್ತಿಕೊಂಡಿತ್ತು. ದೂರಕ್ಕೆ ಬೋಗುಣಿಯಷ್ಟೇ ಕಾಣುವ ಒಂದು ಹೊಂಡ. ಇಬ್ಬರು ಮರಳಿನಲ್ಲಿ ಓಡುವ ಗಾಡಿಯಲ್ಲಿ ಬಂದು ಬಲೆ ಎಳೆದು, ಮೀನು ಬಕೆಟಿಗೆ ತುಂಬಿಕೊಂಡು ಹೋದರು. ನದಿ ಒಣಗುವಾಗ ಮೀನು ಹಿಡಿದು, ನೀರಿರುವ ಕಡೆಗೆ ಸಾಗಿಸುವ ತಂಡ ಅದು. ವರ್ಷ ವರ್ಷ ಈ ಕೆಲಸ ನಡೆಯುತ್ತದೆ.

ಆದರೆ ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ನದಿಗೆ ಪಶ್ಚಿಮದಲ್ಲಿ, ಅದರ ಪಕ್ಕಪಕ್ಕಕ್ಕೇ ಒಂದು ದೊಡ್ಡ ಕಾಲುವೆ ಇದೆ. 1950ರ ದಶಕದಲ್ಲಿ ತೋಡಿದ್ದು. ಎಲಿಫೆಂಟ್ ಬ್ಯೂಟ್‌ಗೆ ನೀರು ಸೋರಿಹೋಗದಂತೆ ಮುಟ್ಟಲಿ ಅನ್ನುವುದು ಉದ್ದೇಶ. ಇಲ್ಲಿ ಹೂಳು ತುಂಬಿ ನದಿಯ ಪಾತ್ರ ಸುತ್ತಲಿನ ನೆಲಕ್ಕಿಂತ ಮೇಲೇರಿದೆ. ಕಾಲುವೆ ತಗ್ಗಿನಲ್ಲಿದೆ. ಹಾಗಾಗಿ ನದಿಯ ನೀರು ಬಸಿದು ಕಾಲುವೆಗೇ ಇಳಿಯುತ್ತದೆ. ನಾವು ನೋಡಿದಾಗ ನದಿ ಒಣಗಿತ್ತು, ಕಾಲುವೆಯಲ್ಲಿ ನೀರಿತ್ತು. ಕೆಲವು ಕಡೆ ಪಂಪು ಇಟ್ಟು, ಮೀನಿಗೋಸ್ಕರ ಕಾಲುವೆಯಿಂದ ನದಿಗೆ ನೀರು ಎತ್ತಿ ಬಿಡುತ್ತಾರೆ.

ಹಾಗಂತ ರೈತರನ್ನು ಬೈದುಕೊಂಡು ಬರಲು ನನಗೆ ಮನಸ್ಸಿಲ್ಲ. ದಾರಿಯಲ್ಲಿ ಆಲ್ಫಾಲ್ಫಾ ಅನ್ನುವ ಮೇವಿನ ಹೊಲ, ಮೆಣಸಿನಕಾಯಿ ಹೊಲ ಸಿಗುತ್ತವೆ. ಊರಿನ ಹಳೆಯ ನಾಲೆಗಳಿಗೆ ಅಸೆಕಿಯಾ ಅನ್ನುತ್ತಾರೆ. ಸರದಿ ಪ್ರಕಾರ ನೀರು ಬಿಡುವವನು ಮಯೊರ್ಡೊಮೊ. ನಮ್ಮ ನೀರುಗಂಟಿಯೇ! ನಾನು ನಾಲೆ ನೀರಿನ ಅನ್ನ ತಿಂದು ಬೆಳೆದವಳು. ಬೆಳೆಗೆ ನೀರು ಬೇಡ ಅಂತ ನನ್ನ ಬಾಯಿಂದ ಬರುವುದಿಲ್ಲ. ಮೇ ತಿಂಗಳ ಆ ಕೆಲವು ವಾರ ಹೊಳೆಗೆ ಹೊಳೆಯ ನೀರು ಬಿಟ್ಟರೆ ಮೀನಿಗೆ ಜೀವ ಬರುತ್ತದೆ. ಕೇಳುತ್ತಿರುವುದು ಅಷ್ಟೇ ಅಲ್ವಾ?

ಒಂದು ಕಾಲಕ್ಕೆ ಆಲ್ಬುಕರ್ಕಿಗೆ ಉತ್ತರದ ಎಸ್ಪನ್ಯೋಲಾ ಊರಿನಿಂದ ಸಮುದ್ರದವರೆಗೆ ಈ ನದಿಯಲ್ಲಿ ಮಿನ್ನೋ ತುಂಬಿತ್ತು. ಈಗ ಉಳಿದಿರುವುದು ಆ ಹರಹಿನ ಸುಮಾರು 7 ಶೇಕಡಾದಲ್ಲಿ. 1994ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. 1999ರಲ್ಲಿ ನೀರಿಗಾಗಿ ಹೂಡಿದ ಕೇಸಿನಲ್ಲಿ ಮೀನಿನ ಹೆಸರೇ ಮೊದಲ ಅರ್ಜಿದಾರನ ಜಾಗದಲ್ಲಿದೆ. ಹೀಗೆ ತೇಲುವ ಮೊಟ್ಟೆ ಇಡುವ ಇನ್ನೂ ನಾಲ್ಕು ಸಣ್ಣ ಮೀನುಗಳು ನ್ಯೂ ಮೆಕ್ಸಿಕೊದ ರಿಯೊ ಗ್ರಾಂಡೆಯಲ್ಲಿ ಇದ್ದವು. ನಾಲ್ಕೂ ಅಲ್ಲಿಂದ ಹೋದವು. 2022ರ ಜುಲೈನಲ್ಲಿ ಆಲ್ಬುಕರ್ಕಿ ನಗರದೊಳಗೇ ನದಿ ಬತ್ತಿತು, ಸುಮಾರು 40 ವರ್ಷಗಳಲ್ಲಿ ಮೊದಲ ಸಲ.

ಇನ್ನು ಮೀನನ್ನು ಕಣ್ಣಾರೆ ನೋಡುವ ವಿಷಯ. ನದಿ ನೀರು ಚಹಾದ ಹಾಗೆ ಕದಡಿರುತ್ತದೆ, ದಡದಲ್ಲಿ ನಿಂತರೆ ಕಾಣುವುದಿಲ್ಲ. ಸೆಂಟ್ರಲ್ ಅವೆನ್ಯೂ ಪಕ್ಕದ ಬಯೋಪಾರ್ಕಿನವರು, ಅಂದರೆ ನಗರದ ಮೃಗಾಲಯ, ಅಕ್ವೇರಿಯಂ ನಡೆಸುವವರು, ನದಿಯಿಂದ ಮೊಟ್ಟೆ ತಂದು ಮರಿ ಮಾಡಿ, ಬೆಳೆಸಿ ಮತ್ತೆ ನದಿಗೆ ಬಿಡುತ್ತಾರೆ. ಮರಿ ಬೆಳೆಸುವ ಕಟ್ಟಡ ನೋಡಬೇಕೆಂದಿದ್ದರೆ ಮುಂಚೆಯೇ ಫೋನ್ ಮಾಡಿ ಕೇಳಿ, ಸುಮ್ನೆ ಹೋಗಿ ನಿಲ್ಲಬೇಡಿ. ಮಕ್ಕಳ ಕೈಗೆ ಸಣ್ಣ ಬಲೆ ಕೊಟ್ಟು ನದಿಗೆ ಇಳಿಸಬೇಡಿ. ಈ ಮೀನು ಹಿಡಿಯುವುದು ಅಪರಾಧ. ಅಲ್ಲದೆ ಒಣಗಿದಂತೆ ಕಾಣುವ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಹೋಗುತ್ತದೆ, ನನ್ನ ಗಂಡನ ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಒಣ ಹಳ್ಳದಲ್ಲಿ ಕಾರು ನಿಲ್ಲಿಸಬೇಡಿ.

ಊಟಕ್ಕೆ ಸಸ್ಯಾಹಾರಿಗಳು ಕೇಳಿ ತಿನ್ನಿ. ಹಸಿಮೆಣಸಿನ ಚಿಲಿ ಸಾಸಿನಲ್ಲಿ ಹಂದಿಮಾಂಸ ಇರಬಹುದು, ಬೀನ್ಸನ್ನು ಹಂದಿಕೊಬ್ಬಿನಲ್ಲಿ ಬೇಯಿಸಿರಬಹುದು. ಸೊಪಪಿಯ ಅಂತ ಉಬ್ಬಿದ ಪೂರಿ ಸಿಗುತ್ತದೆ, ಜೇನುತುಪ್ಪದ ಜೊತೆ ಮಕ್ಕಳು ಚೆನ್ನಾಗಿ ತಿನ್ನುತ್ತಾರೆ.

ಮೇನಲ್ಲಿ ರಜೆ ಸಿಗದಿದ್ದರೆ ನವೆಂಬರ್ ನೋಡಿ. ಸಾಕಿ ಬೆಳೆಸಿದ ಮಿನ್ನೋಗಳನ್ನು ಸಾಮಾನ್ಯವಾಗಿ ಚಳಿ ಶುರುವಾಗುವ ಹೊತ್ತಿಗೆ ನದಿಗೆ ಬಿಡುತ್ತಾರೆ. ಅದೇ ಹೊತ್ತಿಗೆ ಸ್ಯಾನ್ ಆಂಟೋನಿಯೊ ಪಕ್ಕದ ಬೋಸ್ಕೆ ಡೆಲ್ ಅಪಾಚೆ ವನ್ಯಧಾಮಕ್ಕೆ ಸ್ಯಾಂಡ್‌ಹಿಲ್ ಕೊಕ್ಕರೆಗಳೂ ಬಂದಿರುತ್ತವೆ. ನಮ್ಮ ಮೂರನೇ ಟಿಕೆಟ್ ಆಗಲೇ ಆಗಿದೆ.