ಬಾವಿಗೆ ಎಷ್ಟು ಮೆಟ್ಟಿಲಿದ್ದವು

19 ಮೇ 2024, ಭಾನುವಾರ
ನವನಗರ, ಬಾಗಲಕೋಟೆ

ಸಂಜೆ ಕರೆಂಟ್ ಹೋಯಿತು. ಮೊಮ್ಮಗನಿಗೆ ಹೊತ್ತು ಹೋಗಲಿ ಅಂತ ಅಟ್ಟದ ಮೇಲಿದ್ದ ಕ್ಯಾಮೆರಾ ಪೆಟ್ಟಿಗೆ ಇಳಿಸಿದೆ. ಏಳೆಂಟು ವರ್ಷದಿಂದ ತೆಗೆದಿರಲಿಲ್ಲ. ನೀರೊಳಗೆ ಕ್ಯಾಮೆರಾ ಇಟ್ಟುಕೊಳ್ಳುವ ಡಬ್ಬಿಯ ಮುಚ್ಚಳ ಬಿಚ್ಚಿದರೆ, ಸುತ್ತಲಿನ ರಬ್ಬರ್ ಉಂಗುರ (ಓ-ರಿಂಗ್ ಅಂತೇವೆ) ಒಣಗಿ ಸಣ್ಣಗೆ ಸೀಳು ಬಿಟ್ಟಿತ್ತು. ಸುಮ್ನೆ ಬೆರಳಲ್ಲಿ ಬಗ್ಗಿಸಿದೆ, ತುಂಡಾಯಿತು.

ಎಷ್ಟು ಸಂಕಟ ಆಯಿತು ಅಂದರೆ! ಪ್ರತಿ ಸಲ ನೀರಿಗಿಳಿಯುವ ಮುಂಚೆ ಅದನ್ನು ತೆಗೆದು, ಒರೆಸಿ, ಚೂರು ಸಿಲಿಕೋನ್ ಗ್ರೀಸ್ ಸವರಿ, ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡುತ್ತಿದ್ದೆ. ಒಂದು ಕೂದಲು ಸಿಕ್ಕಿಕೊಂಡಿದ್ದರೂ ನೀರು ನುಗ್ಗುತ್ತದೆ. ಹತ್ತು ಮೀಟರ್ ಕೆಳಗೆ ಹೋದರೆ ಒತ್ತಡ ಮೇಲಿನದರ ಎರಡರಷ್ಟು, ಇಪ್ಪತ್ತಕ್ಕೆ ಮೂರರಷ್ಟು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ, ಅಂಡಮಾನಿನಲ್ಲಿ, ಎಲ್ಲಾ ಕಡೆ ಈ ಒಂದು ಉಂಗುರವೇ ನನ್ನ ಕ್ಯಾಮೆರಾ ಕಾದದ್ದು.

ಟೇಪುಗಳ ಮೇಲಿನ ಚೀಟಿ ಒಂದೊಂದೇ ಓದುತ್ತಿದ್ದ ಹುಡುಗ ಕೇಳಿದ, "ಅಜ್ಜಾ, ಇದರಾಗ ನಮ್ಮ ಹಳೇ ಮನಿ ಐತೇನು? ನೀರಾಗಿಂದು?"

ಇಲ್ಲ ಅಂದೆ.

"ಯಾಕ ತಗದಿಲ್ಲ? ಸಮುದ್ರದಾಗಿಂದೆಲ್ಲಾ ತಗದೀ."

ಹಿನ್ನೀರು ಸಮುದ್ರದ ಹಾಗಲ್ಲಪ್ಪ, ಬರೀ ರಾಡಿ, ಕೈ ಚಾಚಿದರೆ ನಿನ್ನ ಬೆರಳು ನಿನಗೇ ಕಾಣೋದಿಲ್ಲ ಅಂದೆ. ಲೈಟ್ ಹಾಕ್ಕೊಂಡು ಹೋಗಬೇಕಾಗಿತ್ತು ಅಂದ. ಒಳ್ಳೆ ಪ್ರಶ್ನೆ ಅದು, ಅದಕ್ಕೇ ಕೂತು ತಿಳಿಸಿದೆ. ತಿಳಿನೀರಿನಲ್ಲಿ ಲೈಟ್ ಬೇಕೇ ಬೇಕು, ಯಾಕಂದರೆ ನೀರು ಮೊದಲು ಕೆಂಪು ಬಣ್ಣವನ್ನೇ ನುಂಗಿಬಿಡುತ್ತದೆ. ಕುಂಕುಮದಂಥ ಕೆಂಪು ಮೀನು ಆಳದಲ್ಲಿ ಬೂದಿ ಬಣ್ಣ ಕಾಣುತ್ತದೆ, ಲೈಟ್ ಬಿಟ್ಟಾಗಲೇ ಅದರ ನಿಜವಾದ ಬಣ್ಣ. ಆದರೆ ರಾಡಿಯಲ್ಲಿ ಲೈಟ್ ಹಾಕಿದರೆ ಮಣ್ಣಿನ ಕಣಗಳೇ ಹೊಳೆದು ಮುಖಕ್ಕೆ ಹೊಡೆಯುತ್ತವೆ. ಧೂಳೆದ್ದ ದಾರಿಯಲ್ಲಿ ರಾತ್ರಿ ಹೆಡ್‌ಲೈಟ್ ಹಾಕಿದ ಹಾಗೆ. ಮೇಲೆ ಮೀನಿನ ಬಲೆಗಳ ಕಾಟ ಬೇರೆ.

ಹೇಳಿದ್ದೆಲ್ಲ ನಿಜವೇ. ಆದರೆ ನಾನು ಇಳಿಯದೇ ಇದ್ದದ್ದಕ್ಕೆ ಅದು ಕಾರಣ ಅಲ್ಲ.

ನಮ್ಮೂರಲ್ಲಿ ಮುಳುಗಡೆ ಅಂದರೆ ಆಲಮಟ್ಟಿ, ಆ ಅಣೆಕಟ್ಟಿನ ಹಿನ್ನೀರಲ್ಲೇ ನಮ್ಮ ಹಳೆ ಮನೆ ಹೋದದ್ದು. ನಾನು ರಜೆ ಹಾಕಿ "ಮುಳುಗೋಕೆ ಹೊಂಟೀನಿ" ಅಂದಾಗಲೆಲ್ಲ ಅವ್ವ "ಆ ಮಾತು ಮನೀ ಒಳಗ ಆಡಬ್ಯಾಡೋ" ಅನ್ನುತ್ತಿದ್ದಳು. ಪರಿಹಾರ ಬಂದು, ಇಲ್ಲಿ ಸೈಟ್ ಸಿಕ್ಕು, ಹಳೆ ಮನೆ ಬಿಚ್ಚುವುದು ಅಂತ ಆದ ವರ್ಷ ನಾನು ಲಕ್ಷದ್ವೀಪದ ಕಡಮತ್‌ನಲ್ಲಿದ್ದೆ. ಮಳೆಗಾಲ ಶುರುವಾಗುವ ಮುಂಚೆ ಬಾಗಿಲು, ತೊಲೆ, ಕಂಬ ಎಲ್ಲ ಸಾಗಿಸಬೇಕಿತ್ತು. ಗೊತ್ತು ಮಾಡಿದ ದಿನಕ್ಕೆ ಬಂದೇ ಬರುತ್ತೇನೆ ಅಂತ ಅಣ್ಣನಿಗೆ ಮಾತು ಕೊಟ್ಟಿದ್ದೆ. ಮೇಸ್ತ್ರಿ ಎರಡು ದಿನ ಮುಂಚೆಯೇ ಆಳು ಕರಕೊಂಡು ಬಂದುಬಿಟ್ಟ. ಫೋನು ಬಂದಾಗ ನಾನು ಅವತ್ತಿನ ಎರಡನೇ ಡೈವ್ ಮುಗಿಸಿ ಆಗಷ್ಟೇ ಮೇಲೆ ಬಂದಿದ್ದೆ.

ಮುಳುಗಿ ಬಂದವರು ಕೂಡಲೇ ವಿಮಾನ ಹತ್ತುವಂತಿಲ್ಲ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿರುತ್ತದೆ. ಮೇಲೆ ಹೋದಂತೆ ಒತ್ತಡ ಇಳಿದು, ಸೋಡಾ ಬಾಟಲಿ ತೆಗೆದಾಗ ಬರುವ ಹಾಗೆ ಮೈಯೊಳಗೇ ಗುಳ್ಳೆ ಏಳಬಹುದು. ಎರಡು ಡೈವ್ ಮಾಡಿದವರು ಕಡಿಮೆ ಅಂದರೆ 18 ಗಂಟೆ ಕಾಯಬೇಕು ಅಂತಾರೆ, ನಾವು ಆಗ 24 ಗಂಟೆ ಹಿಡಿಯುತ್ತಿದ್ದೆವು. ಬೆಂಗಳೂರಿನ ಜಕ್ಕೂರು ವಿಮಾನ ಶಾಲೆಯಲ್ಲಿ ಪುಷ್ಪಕ್ ಓಡಿಸಲು ಕಲಿತವನು ನಾನು, ಬಟ್ಟೆ ಹೊದಿಸಿದ ರೆಕ್ಕೆಯ ಆ ಪುಟ್ಟ ವಿಮಾನದಲ್ಲಿ ಒಬ್ಬನೇ ಮೇಲೇರಿದ ದಿನದಿಂದ ಆಕಾಶ ನನ್ನದೇ ಅನ್ನಿಸಿತ್ತು. ನೀರೂ ನನ್ನದೇ ಅನ್ನಿಸಿತ್ತು. ಅವತ್ತು ಪಕ್ಕದ ಅಗತ್ತಿ ದ್ವೀಪದಿಂದ ಹೊರಡುವ ವಿಮಾನ ನಾನಿಲ್ಲದೆ ಹೋಯಿತು.

ಬಂದು ಮುಟ್ಟುವಷ್ಟರಲ್ಲಿ ಗೋಡೆಗಳು ಮಾತ್ರ ಇದ್ದವು. ಅಣ್ಣ ಒಬ್ಬನೇ ಹೊಸ್ತಿಲಿಗೆ ಕಾಯಿ ಒಡೆದು ಚೌಕಟ್ಟು ಬಿಚ್ಚಿಸಿದ್ದ. ಏನೂ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಅದೇ ಬಾಗಿಲು ಈಗ ಈ ಮನೆಗಿದೆ. ಚಿಲಕದ ಕೆಳಗೆ ನಮ್ಮಿಬ್ಬರ ಎತ್ತರ ಅಳೆದು ಅಪ್ಪ ಮೊಳೆಯಿಂದ ಗೀಚಿದ ಗೆರೆಗಳು ಬಣ್ಣ ಹೊಡೆದರೂ ಬೆರಳಿಗೆ ಸಿಗುತ್ತವೆ. ಆಮೇಲೆ ಎಷ್ಟೋ ಸಮುದ್ರದಲ್ಲಿ ಇಳಿದೆ, ಈ ನೀರಿಗೆ ಮಾತ್ರ ಕಾಲಿಡಲಿಲ್ಲ. ಈಗ ಎಡಗಿವಿ ಒತ್ತಡ ತಡೆಯುವುದಿಲ್ಲ, ಇನ್ನು ಎಲ್ಲೂ ಇಳಿಯಬೇಡಿ ಅಂದಿದ್ದಾರೆ ಡಾಕ್ಟರು.

ಕರೆಂಟ್ ಬಂತು. ಇವಳು ಊಟಕ್ಕೆ ಕರೆದಳು, ರೊಟ್ಟಿ, ಝುಣಕ. ಹುಡುಗ ಇನ್ನೂ ಬಿಟ್ಟಿರಲಿಲ್ಲ. ಗೋಡೆ ಇಲ್ಲದಿದ್ದರೆ ಅಲ್ಲಿ ಏನು ಉಳಿದಿರುತ್ತದೆ ಅಂತ. ತಳಪಾಯದ ಕಲ್ಲು, ಆಮೇಲೆ ಬಾವಿ ಅಂದೆ. ನಡುವಿಗೆ ಬೆಂಡು ಕಟ್ಟಿ ಅಣ್ಣ ನನಗೆ ಈಜು ಕಲಿಸಿದ ಬಾವಿ. "ನೀರಾಗ ಬಾವಿ?" ಅಂತ ಕಣ್ಣರಳಿಸಿದ. "ಎಷ್ಟು ಮೆಟ್ಲ ಇದ್ವು?"

ನೆನಪಾಗಲಿಲ್ಲ. ಹತ್ತು ಗಂಟೆ ಆಗಿತ್ತು, ಆದರೂ ಅಣ್ಣನಿಗೆ ಫೋನ್ ಮಾಡಿದೆ. ಹಬ್ಬ, ಔಷಧ, ಬ್ಯಾಂಕಿನ ಕೆಲಸ ಬಿಟ್ಟರೆ ನಾವು ಜಾಸ್ತಿ ಮಾತಾಡುವುದಿಲ್ಲ. ಬಾವಿಗೆ ಎಷ್ಟು ಮೆಟ್ಟಿಲಿದ್ದವು ಅಂತ ಕೇಳಿದೆ. ಯಾಕೆ ಅಂತಲೂ ಕೇಳದೆ, "ಇಪ್ಪತ್ತೆರಡು. ಕಡೀ ಎರಡು ಯಾವಾಗ್ಲೂ ನೀರಾಗ ಇರ್ತಿದ್ವು, ಪಾಚಿ. ನೀ ಅಲ್ಲೇ ಜಾರಿ ಹಲ್ಲು ಮುರಕೊಂಡಿದ್ದಿ" ಅಂದ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ವೈನಿ ಹಿಂದಿನಿಂದ ಯಾರದು ಫೋನು ಅಂತ ಕೇಳುವುದು ಕೇಳಿಸಿತು.

"ತಮ್ಮಾ, ಈ ಸಲ ನೀರು ಭಾಳ ಇಳದೈತಿ ಅಂತಾರು. ಮುಂಜಾನೆ ಐದಕ್ಕ ಬಾ, ಬಿಸಲು ಏರೂದ್ರಾಗ ನೋಡಿ ಬರೂಣು. ಹುಡುಗನ್ನೂ ಕರಕೊಂಡು ಬಾ."

ಅಲಾರಂ ಇಟ್ಟಿದ್ದೇನೆ. ಕೆಸರು ಇರುತ್ತದೆ, ಹುಡುಗನಿಗೆ ಬೂಟು ಹಾಕಿಸಬೇಕು. ನೆಲ ಒಣಗಿದ್ದರೆ ಕ್ಯಾಮೆರಾಗೆ ಡಬ್ಬಿ ಬೇಕಿಲ್ಲ, ಉಂಗುರವೂ ಬೇಕಿಲ್ಲ, ಬ್ಯಾಟರಿ ಒಂದು ಚಾರ್ಜ್ ಹಿಡಿದರೆ ಸಾಕು.