ಅಕ್ಷರ ಗುಂಡು

ನಿನ್ನೆ ಅಪ್ಪನ ಜೊತೆ ಬ್ರಹ್ಮಗಿರಿಗೆ ಹೋಗಿದ್ದೆ. ಮೊಳಕಾಲ್ಮೂರು ತಾಲ್ಲೂಕಿನ ಬಿಸಿಲು ಗೊತ್ತಲ್ಲ, ಹನ್ನೊಂದಕ್ಕೇ ನೆತ್ತಿ ಸುಡುತ್ತಿತ್ತು.

ಅಲ್ಲಿನ ಅಶೋಕನ ಶಾಸನದ ಬಂಡೆಗೆ ಊರವರು ಅಕ್ಷರ ಗುಂಡು ಅಂತಾರೆ. ಸುಮಾರು 2,270 ವರ್ಷ ಹಳೆಯದು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ, ಇಸಿಲ ಅನ್ನೋ ಇಲ್ಲಿನ ಹಳೇ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು, ಆದರೆ ಶುರುವಿನಲ್ಲೇ ಅವರ ಆರೋಗ್ಯ ವಿಚಾರಿಸುತ್ತೆ. ನಮ್ಮಜ್ಜ ಪತ್ರ ಬರೆಯುವಾಗಲೂ ಮೊದಲು ಕ್ಷೇಮ, ಆಮೇಲೆ ವಿಷಯ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿ, ಆದರೆ 'ಲಿಪಿಕಾರ' ಅನ್ನೋ ತನ್ನ ಕೆಲಸದ ಹೆಸರನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ನಮ್ಮ ಈ ಕಲ್ಲುಗುಡ್ಡದ ಬುಡದಲ್ಲಿ ಕೂತು ಉಳಿ ಹಿಡಿದಿದ್ದ ಅಂತ ಯೋಚಿಸಿದರೆ ಮೈ ಜುಮ್ ಅನ್ನುತ್ತೆ.

ಅವನಿಗಿಂತ ಎಷ್ಟೋ ಮೊದಲೇ ಇಲ್ಲಿ ಜನ ಇದ್ದರು. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದಾಗ ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿ, ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಕಾಲದವರು, ಅದರ ಮೇಲೆ ಚಕ್ರದಲ್ಲಿ ತಿರುಗಿಸಿದ ಮಡಕೆ. ಒಂದೇ ಜಾಗ, ಒಬ್ಬರ ಮೇಲೊಬ್ಬರ ಬದುಕು.

ಪಕ್ಕದ ಚಿನ್ನಹಗರಿ ನದಿ ಈಗ ಬರೀ ಮರಳು. ಬರದ ಜಿಲ್ಲೆ ಅಂತ ನಮ್ಮನ್ನು ಸುಮ್ನೆ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ, ಅದು ನಂಗೆ ಬೇಜಾರು. ಅಪ್ಪ ಮರಳಿಗೆ ಇಳಿದು ಕೈಯಲ್ಲೇ ಒಂದು ಗೇಣು ತೋಡಿದರು. ಅಡಿಯ ಮರಳು ತಣ್ಣಗಿತ್ತು.